ಮಗ್ಗ ನಿಂತಿತು, ಇಂಗ್ಲಿಷೂ ನಿಂತಿತು

ಸ್ವಂತ ಉದ್ಯೋಗ ಅನ್ನುವ ಮಾತು ಕೇಳಲಿಕ್ಕೆ ಬಲು ಚೆಂದ. ನಮಗೆ ನಾವೇ ಸಾಹೇಬರು, ನಮಗೆ ನಾವೇ ಸಿಪಾಯಿ, ಯಾರ ಹಂಗೂ ಇಲ್ಲ ಅಂತ ಜನ ಹೊಟ್ಟೆಕಿಚ್ಚು ಪಡುತ್ತಾರೆ. ಆದರೆ ಒಂದನೇ ತಾರೀಖು ಬಂತೆಂದರೆ ಈ ಸಿಪಾಯಿ ಸಂಬಳಕ್ಕೆ ಕೈ ಚಾಚುತ್ತಾನೆ, ಆ ಸಾಹೇಬ ಕಿಟಕಿಯ ಹೊರಗೆ ನೋಡುತ್ತಾನೆ. ಇಬ್ಬರೂ ನಾನೇ ಆದ್ದರಿಂದ ಮುಷ್ಕರ ಹೂಡುವ ಸುಖವೂ ಇಲ್ಲ. ನಾನು ಬೆಳಗಾವಿಯಲ್ಲಿ ಇಂಗ್ಲಿಷ್ ಮಾತಾಡಲು ಕಲಿಸುವವಳು. ಎಂ.ಎ. ಮಾಡಿದ್ದೇನೆ, ಸರಕಾರಿ ನೌಕರಿ ಸಿಗಲಿಲ್ಲ, ಖಾಸಗಿ ಶಾಲೆಯವರು ಕೊಡುವ ಪಗಾರ ರಿಕ್ಷಾದವನಿಗೇ ಸಾಲುತ್ತಿರಲಿಲ್ಲ, ಹೀಗಾಗಿ ಸ್ವಂತ ಕ್ಲಾಸು ತೆರೆದೆ. ಗಣಪತಿ ಬಂದರೆ ವಿದ್ಯಾರ್ಥಿಗಳು ಮಂಟಪದಲ್ಲಿ, ಲಗ್ನದ ಸುಗ್ಗಿ ಬಂದರೆ ಊಟದ ಪಂಕ್ತಿಯಲ್ಲಿ, ಮಳೆ ಹಿಡಿದರೆ ಹಾಸಿಗೆಯಲ್ಲಿ. ಉಳಿದ ದಿನ ಬಂದಾರು ಅಂದರೆ ಫೋನಿನೊಳಗೆ ಯಾರೋ ಒಬ್ಬಳು ನಗುನಗುತ್ತ ಪುಕ್ಕಟೆ ಇಂಗ್ಲಿಷ್ ಕಲಿಸುತ್ತಾಳಂತೆ. ಅವಳ ಮನೆಯಲ್ಲಿ ಒಲೆ ಹೇಗೆ ಉರಿಯುತ್ತದೋ ಶಿವನೇ ಬಲ್ಲ.

ನಮ್ಮ ಮನೆ ಶಿವಬಸವ ನಗರದಲ್ಲಿ. ಮನೆ ಅಂದರೆ ಎರಡು ಕೋಣೆ. ಒಂದರಲ್ಲಿ ನಾವು, ಇನ್ನೊಂದರಲ್ಲಿ ಅತ್ತೆಯವರು ಮತ್ತು ಅವರ ಟಿ.ವಿ. ನಮ್ಮವರು ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರ ಪಗಾರ ಮನೆ ಸಾಲದ ಕಂತಿಗೆ ನೆಟ್ಟಗೆ ಹೋಗುತ್ತದೆ, ನಮ್ಮ ಮುಖ ಕೂಡ ನೋಡುವುದಿಲ್ಲ. ಕಾಯಿಪಲ್ಲೆ, ಗ್ಯಾಸು, ಅತ್ತೆಯವರ ಗುಳಿಗೆ ಎಲ್ಲ ನನ್ನ ಇಂಗ್ಲಿಷಿನ ಮೇಲೆ. ಕ್ಲಾಸಿಗೆ ಅಂತ ನಮ್ಮ ಬಡಾವಣೆಯಲ್ಲೇ ಒಂದು ಕೋಣೆ ಕೇಳಿದೆ. ಆ ಮನೆ ಮಾಲಕರು ಹೇಳಿದ ಬಾಡಿಗೆ ಕೇಳಿ, "ಬಾಡಿಗಿಗೋ, ಖರೀದಿಗೋ?" ಅಂದೆ. ಅವರು ಬಾಗಿಲು ಹಾಕಿಕೊಂಡರು. ಕೊನೆಗೆ ವಡಗಾವಿಯ ಒಂದು ಓಣಿಯಲ್ಲಿ, ನೇಕಾರ ಬಸಲಿಂಗಪ್ಪ ಕಾಕಾನ ಮಾಳಿಗೆ ಮೇಲೆ ಒಳ್ಳೇ ಗಾಳಿ ಬೆಳಕಿನ ಕೋಣೆಯೊಂದು ಅರ್ಧ ಬಾಡಿಗೆಗೆ ಸಿಕ್ಕಿತು. ಎಷ್ಟು ಪ್ರಶಾಂತವಾಗಿತ್ತೆಂದರೆ, ಗುಬ್ಬಿ ಕೂತರೆ ಕೇಳಿಸುತ್ತಿತ್ತು. ಎಲ್ಲಿ ಮನಸ್ಸು ಬದಲಿಸುತ್ತಾರೋ ಅಂತ ಅಲ್ಲೇ ನಿಂತು ಮುಂಗಡ ಕೊಟ್ಟೆ. ಮರುದಿನ ಹೋದಾಗ ತಿಳಿಯಿತು, ಹಿಂದಿನ ದಿನ ಓಣಿಗೆಲ್ಲ ಕರೆಂಟ್ ಇರಲಿಲ್ಲ. ನನ್ನ ಕೋಣೆಯ ಕೆಳಗೇ ಕಾಕಾನ ಪವರ್‌ಲೂಮುಗಳು ಸಾಲಾಗಿ ನಿಂತಿದ್ದವು. ಅವು ಶುರುವಾದವು ನೋಡಿ, ಖಟಾಖಟ್ ಖಟಾಖಟ್ ಅಂತ, ಕರಿಹಲಗೆ ಗೋಡೆಯ ಮೇಲೆ ಕುಣಿಯಿತು.

"ಕಾಕಾ, ಈ ಗದ್ದಲದಾಗ ಪಾಠ ಹ್ಯಾಂಗ ಮಾಡೂದ್ರಿ?" ಅಂತ ಕೆಳಗೆ ಹೋಗಿ ಕೇಳಿದೆ. "ಯಾವ ಗದ್ದಲರೀ?" ಅಂದರು ಕಾಕಾ. ವ್ಯಂಗ್ಯವಲ್ಲ, ಖರೇನೇ ಕೇಳಿದ್ದು. ಹುಟ್ಟಿದಾಗಿನಿಂದ ಮಗ್ಗದ ಬಾಜೂಕೆ ಬೆಳೆದವರು, ಕಿವಿ ಎಂದೋ ಮಂದವಾಗಿವೆ. ಆ ಓಣಿಯಲ್ಲಿ ಬಹಳ ಜನರ ಗತಿ ಅದೇ. ಅಲ್ಲಿ ಪಿಸುಮಾತು ಅನ್ನುವುದೇ ಇಲ್ಲ. ಗಂಡ ಹೆಂಡತಿ ಒಳಗೆ ಸರಸವಾಡಿದರೂ ಹೊರಗಿನವರಿಗೆ ಜಗಳ ಅನ್ನಿಸುತ್ತದೆ. ಮುಂಗಡ ವಾಪಸು ಕೇಳುವ ಧೈರ್ಯ ಸಾಲದೆ ನಾನೂ ಒದರಿ ಒದರಿ ಪಾಠ ಶುರುಮಾಡಿದೆ. ಕಾಲೇಜಿನಲ್ಲಿ ನಮ್ಮ ಪ್ರೊಫೆಸರರು, ಇಂಗ್ಲಿಷು ಮೆಲ್ಲಗೆ ಆಡುವ ಭಾಷೆ, ತುಟಿ ಅಲುಗಿದರೆ ಸಾಕು ಅನ್ನುತ್ತಿದ್ದರು. ಪಾಪ, ಅವರು ವಡಗಾವಿಗೆ ಬಂದವರಲ್ಲ. ನಾನು "ಹೌ ಆರ್ ಯೂ?" ಅಂತ ಕೂಗಿದರೆ ಎದುರು ಮನೆಯ ಮುದುಕಿ ಕಿಟಕಿ ತೆರೆದು, "ಆರಾಮ ಅದೀನವಾ!" ಅನ್ನುತ್ತಿದ್ದಳು, ಅಷ್ಟು ಇಂಗ್ಲಿಷ್ ಆಕೆಗೂ ಬಂದಿತ್ತು.

ಆಶ್ಚರ್ಯವೆಂದರೆ ಕ್ಲಾಸು ಹತ್ತಿತು. ನೇಕಾರರ ಹೆಣ್ಣುಮಕ್ಕಳು, ಬಟ್ಟೆ ಅಂಗಡಿಯ ಹುಡುಗರು, ಒಬ್ಬಿಬ್ಬರು ನರ್ಸುಗಳು ಬಂದು ಸೇರಿದರು. ಅವರ ನಡುವೆ ಯಲ್ಲಪ್ಪ ಅಂತ ಒಬ್ಬ. ಅವನ ಹಿರಿಯರೆಲ್ಲ ಕುರಿ ಕಾಯ್ದವರು, ಇವನು ಒಂದು ಕಂಪನಿಯ ಕಾರು ಓಡಿಸುತ್ತಾನೆ. ಹಿಂದಿನ ಸೀಟಿನಲ್ಲಿ ಕೂತ ಸಾಹೇಬರು ತನ್ನ ಬಗ್ಗೆಯೇ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ ಅಂತ ಅವನ ಗುಮಾನಿ, ಅದಕ್ಕಾಗಿ ಕಲಿಯಲು ಬಂದವನು. ಗುಡ್ಡದ ಆಚೆಗಿನ ಕುರಿಯನ್ನು ಕೂಗಿ ಕರೆದ ವಂಶ; ಅವನು ಬಾಯಿ ತೆರೆದರೆ ಕೆಳಗಿನ ಮಗ್ಗವೇ ಹಿಂದೆ ಬೀಳುತ್ತಿತ್ತು. ಯಾರಿಗೂ ಸಂಕೋಚವೆಂಬುದೇ ಇರಲಿಲ್ಲ. ನಿನ್ನೆ ನಾಳೆಗಳನ್ನು ಕಲಸಿ ಒಂದು ಮಾಡಿ ಧಾರಾಳವಾಗಿ ಮಾತಾಡುತ್ತಿದ್ದರು. ನಾನು, "ಬ್ಯಾರೆ ಏನು ಕಲಿಸ್ತೀನೋ ಬಿಡ್ತೀನೋ, ಧೈರ್ಯ ಮಾತ್ರ ಭೇಷ್ ಕಲಿಸ್ತೀನಿ" ಅಂತ ನಮ್ಮವರ ಮುಂದೆ ಬೀಗಿದೆ. ನಮ್ಮವರು, "ಬಾಜೂಕs ಕುಂತೀನಿ, ಒದರಬ್ಯಾಡ" ಅಂದರು. ನನಗೆ ಅಷ್ಟರಲ್ಲಿ ಮನೆಯಲ್ಲೂ ಒದರುವ ಚಾಳಿ ಅಂಟಿತ್ತು. ಅತ್ತೆಯವರು ಬಂದವರ ಮುಂದೆಲ್ಲ, "ಸೊಸಿ ಚಾ ಬೇಕೇನ್ರಿ ಅಂತ ಕೇಳಿದ್ರೂ ಎದಿ ಧಸಕ್ ಅಂತೈತಿ" ಅಂತ ಹೇಳಿಕೊಳ್ಳುತ್ತಿದ್ದರು. ನನ್ನ ಕ್ಲಾಸಿನ ಒಬ್ಬ ಹುಡುಗಿ ದವಾಖಾನೆಯೊಂದಕ್ಕೆ ಸಂದರ್ಶನಕ್ಕೆ ಹೋಗಿ, "ಗುಡ್ ಮಾರ್ನಿಂಗ್ ಸರ್" ಅಂದ ಹೊಡೆತಕ್ಕೆ ವಾಚ್‌ಮನ್ ಓಡಿ ಬಂದನಂತೆ. ಆದರೆ ಕೆಲಸ ಸಿಕ್ಕಿತು. ರೋಗಿಗಳ ಹೆಸರು ಕೂಗಲು ಅವರಿಗೆ ಅಂಥದೇ ಕಂಠ ಬೇಕಾಗಿತ್ತು. ಆ ತಿಂಗಳು ನಾನು ಸಾಹೇಬಳೂ ಆಗಿದ್ದೆ, ಸಿಪಾಯಿಗೆ ಪಗಾರವನ್ನೂ ಕೊಟ್ಟೆ.

ಒಳ್ಳೆಯದು ನಮ್ಮ ಮನೆಯಲ್ಲಿ ಉಂಡು ಮಲಗಿದ್ದಿಲ್ಲ, ಬಂದು ಚಾ ಕುಡಿದು ಹೋಗುತ್ತದೆ. ಒಂದು ದಿನ ಹೋಗಿ ನೋಡುತ್ತೇನೆ, ಕೆಳಗೆ ಟೆಂಪೋ ನಿಂತಿದೆ, ಬಿಚ್ಚಿದ ಮಗ್ಗಗಳನ್ನು ಹೇರುತ್ತಿದ್ದಾರೆ. ಸೀರೆಗೆ ಗಿರಾಕಿ ಇಲ್ಲ, ನೂಲಿನ ದರ ಏರಿದೆ, ನೇಯ್ದಷ್ಟೂ ನಷ್ಟ ಅಂತ ಓಣಿಯ ಉಳಿದವರಂತೆ ಕಾಕಾ ಕೂಡ ಮಗ್ಗಗಳನ್ನು ಗುಜರಿಗೆ ಮಾರಿದ್ದರು. ಕಾಕಾನನ್ನು ಕಂಡು ಪಾಪ ಅನ್ನಿಸಿತು. ಆದರೂ ಸುಳ್ಳೇಕೆ ಹೇಳಲಿ, ಮನಸ್ಸಿನ ಒಂದು ಮೂಲೆಯಲ್ಲಿ, ಇನ್ನು ಗಂಟಲಿಗೆ ಆರಾಮ ಅನ್ನಿಸಿತು. ಆ ಆರಾಮ ಸಂಜೆಯತನಕವೂ ಉಳಿಯಲಿಲ್ಲ. ಕಾಕಾ ಮೇಲೆ ಬಂದು, "ಅಕ್ಕಾರ, ಮುಂದಿನ ತಿಂಗಳಿಂದ ಬಾಡಿಗಿ ಡಬಲ್ ರೀ. ಈಗ ಗದ್ದಲ ಇಲ್ಲಲ್ಲ, ರೂಮಿಗೆ ಕಿಮ್ಮತ್ತು ಬಂದೈತಂತ, ಓಣ್ಯಾಗ ಎಲ್ಲಾರೂ ಹೇಳಾಕತ್ತಾರ" ಅಂದರು. ಅವರಿಗೆ ಕೇಳದ ಗದ್ದಲಕ್ಕೆ ಇಷ್ಟು ದಿನ ಬಾಡಿಗೆ ಕಡಿಮೆ ತಗೊಂಡರು, ಈಗ ಅವರಿಗೆ ಕೇಳದ ಶಾಂತಿಗೆ ಹೆಚ್ಚು ಕೇಳಿದರು. ಲೆಕ್ಕ ಸರಿಯಾಗಿಯೇ ಇತ್ತು.

ಶಾಂತಿ ಬಂತಲ್ಲ, ಇನ್ನು ಹೆಚ್ಚು ವಿದ್ಯಾರ್ಥಿಗಳು ಬರುತ್ತಾರೆ, ಬಾಡಿಗೆ ಹುಟ್ಟುತ್ತದೆ ಅಂತ ನಾನು ಲೆಕ್ಕ ಹಾಕಿದೆ. ಮರುದಿನ ಕ್ಲಾಸಿನಲ್ಲಿ, "ಯಲ್ಲಪ್ಪ, ನಿನ್ನೆ ಏನು ಮಾಡಿದೆ ಹೇಳು" ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಯಲ್ಲಪ್ಪ ಎದ್ದು ನಿಂತ. ಫ್ಯಾನು ನೋಡಿದ, ಚಪ್ಪಲಿ ನೋಡಿದ, ಕೂತ. ಪಕ್ಕದ ಹುಡುಗಿ ಸೆರಗಿನ ಚುಂಗು ಕಡಿದಳು. ಎಲ್ಲರಿಗೂ ಒಮ್ಮೆಲೇ ನಾಲಿಗೆ ಬಿದ್ದುಹೋಗಿತ್ತು. ನಾನೇ ಮಾತಾಡಿ ತೋರಿಸೋಣವೆಂದರೆ, ಅಯ್ಯೋ, ನನ್ನ ಇಂಗ್ಲಿಷು ನನಗೇ ಮೊದಲ ಸಲ ಕೇಳಿಸಿತು. ಥೇಟು ನಮ್ಮ ಅತ್ತೆಯವರು ಓಣಿಯವರಿಗೆ ಬೈದ ಧಾಟಿ! ಹೀಗೇ ದಿನಗಳು ಹೋದವು, ಒಬ್ಬೊಬ್ಬರೇ ಬಿಟ್ಟರು. ನಮ್ಮವರು ಆನ್‌ಲೈನ್ ಮಾಡು ಅಂದರು. ಮಾಡಿದೆ. ಎಲ್ಲರೂ ಮೈಕು ಬಂದ್ ಮಾಡಿ ಕೂತರು. ನಾನು ಕತ್ತಲೆ ಚೌಕಗಳ ಜತೆ ಒಬ್ಬಳೇ ಮಾತಾಡುವುದನ್ನು ನೋಡಿ ಅತ್ತೆಯವರು ಗಾಳಿ ಬಡಿದಿದೆ ಅಂತ ಲಿಂಬೆಹಣ್ಣು ನಿವಾಳಿಸಿ ಇಳಿ ತೆಗೆದರು.

ಕಾರಣ ತಿಳಿದದ್ದು ಖಾನಾಪುರದಲ್ಲಿ. ಕೈ ತೀರಾ ಬಿಗಿಯಾದಾಗ ರವಿವಾರಕ್ಕೊಮ್ಮೆ ಬಸ್ಸು ಹತ್ತಿ ಅಲ್ಲಿಗೂ ಪಾಠಕ್ಕೆ ಹೋಗಲು ಶುರುಮಾಡಿದ್ದೆ. ಅಕ್ಕಿ ಗಿರಣಿಯ ಬಾಜೂಕಿನ ಖೋಲಿ ಪುಕ್ಕಟೆ ಸಿಕ್ಕಿತ್ತು, ಗಿರಣಿ ಮಾಲಕನ ಮಗಳೂ ಕ್ಲಾಸಿನಲ್ಲಿದ್ದಳು. ಅಲ್ಲಿನ ಮಕ್ಕಳು ಅರ್ಧ ಕನ್ನಡ, ಅರ್ಧ ಮರಾಠಿ. ಯಾವುದರಲ್ಲೂ ಬಾಯಿ ಸೋತವರಲ್ಲ. ಫೀಸು ಬಹಳ ಸಲ ಅಕ್ಕಿ, ಗೆಣಸಿನ ರೂಪದಲ್ಲಿ ಬರುತ್ತಿತ್ತು. ಗೆಣಸು ಒಳ್ಳೆಯದೇ, ಆದರೆ ಗ್ಯಾಸಿನವನು ಗೆಣಸು ತಗೊಳ್ಳುವುದಿಲ್ಲ. ಒಂದು ರವಿವಾರ ಗಿರಣಿ ಭರ್ರೋ ಅಂತ ನಡೆದಿತ್ತು, ಮಕ್ಕಳು ಇಂಗ್ಲಿಷಿನಲ್ಲಿ ಕಿತ್ತಾಡುತ್ತಿದ್ದರು. ಪಕ್ಕನೆ ಕರೆಂಟ್ ಹೋಯಿತು. ಗಿರಣಿ ನಿಂತಿತು, ಆ ಕ್ಷಣವೇ ಅಷ್ಟೂ ಬಾಯಿಗೆ ಬೀಗ ಬಿತ್ತು. ಮಾಲಕನ ಮಗಳು ನನ್ನ ಹತ್ತಿರ ಬಂದು ಮೆಲ್ಲಗೆ, "ಮೇಡಂ, ಈಗ ಮಾತಾಡಿದ್ರ ತಪ್ಪು ಎಲ್ಲಾರಿಗೂ ಕೇಳಿಸ್ತದಲ್ಲರೀ" ಅಂದಳು. ನನಗೆ ತಲೆ ಮೇಲೆ ತಣ್ಣೀರು ಸುರಿದಂತಾಯಿತು. ವಡಗಾವಿಯಲ್ಲಿ ಧೈರ್ಯ ಕಲಿಸಿದವಳು ನಾನಲ್ಲ, ಮಗ್ಗ. ಆ ಗದ್ದಲದ ಸೆರಗಿನ ಮರೆಯಲ್ಲಿ ಯಾರ ತಪ್ಪೂ ಯಾರಿಗೂ ಕೇಳುತ್ತಿರಲಿಲ್ಲ. ಆ ಸೆರಗನ್ನು ಗುಜರಿಯವನು ಟೆಂಪೋದಲ್ಲಿ ಹೇರಿಕೊಂಡು ಹೋಗಿದ್ದ.

ರೋಗ ತಿಳಿದ ಮೇಲೆ ಮದ್ದು ಮಾಡಬೇಕಲ್ಲ. ಮನೆಯ ಹಳೆಯ ಮಿಕ್ಸರನ್ನು ಕ್ಲಾಸಿಗೆ ಒಯ್ದು, ಖಾಲಿ ಡಬ್ಬಿ ಇಟ್ಟು ತಿರುಗಿಸಿದೆ. ಯಲ್ಲಪ್ಪ ಒಂದು ವಾಕ್ಯ ಶುರುಮಾಡುತ್ತಲೇ ಮಿಕ್ಸರಿನಿಂದ ಹೊಗೆ ಬಂತು. ಮಿಕ್ಸರು ಸತ್ತಿತು, ವಾಕ್ಯ ಅರ್ಧಕ್ಕೇ ನಿಂತಿತು. ಅಂದಿನಿಂದ ಮನೆಯಲ್ಲಿ ಶೇಂಗಾ ಚಟ್ನಿ ಒರಳಿನಲ್ಲಿ, ಅದರ ಜತೆ ಅತ್ತೆಯವರ ಮಂತ್ರಪುಷ್ಪ.

ಉಳಿದದ್ದು ಒಂದೇ ದಾರಿ: ಕಾಕಾನ ಕೈಕಾಲು ಹಿಡಿದು ಬಾಡಿಗೆ ಇಳಿಸಲು ಕೇಳುವುದು. ಇಳಿಸದಿದ್ದರೆ ಕ್ಲಾಸು ಮುಚ್ಚಬೇಕು, ಮುಚ್ಚಿದರೆ ಅತ್ತೆಯವರ ಗುಳಿಗೆ ಎಲ್ಲಿಂದ ತರಲಿ? ದುಡ್ಡಿಲ್ಲ ಅನ್ನುವ ಮಾತನ್ನು ನಮ್ಮಂಥವರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳುತ್ತೇವೆ. ರಾತ್ರಿಯೆಲ್ಲ ಮನಸ್ಸಿನಲ್ಲೇ ಬಾಯಿಪಾಠ ಮಾಡಿ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. "ಕಾಕಾ, ಒಂದು ಮಾತಿತ್ತು…" ಅಂತ ಮೆಲ್ಲಗೆ ಶುರುಮಾಡಿದೆ.

"ಏನಂದ್ರಿ?"

"ಬಾಡಿಗಿ ಈ ತಿಂಗಳ…"

"ಜೋರ ಹೇಳ್ರಿ ಅಕ್ಕಾರ!"

ಮೂರನೆಯ ಸಲಕ್ಕೆ ನನ್ನ ತಲೆ ಕೆಟ್ಟಿತು. ವಡಗಾವಿ ಕಲಿಸಿದ ಅಷ್ಟೂ ಕಂಠ ತೆಗೆದು, "ಕಾಕಾ, ನನ್ನ ಕಡಿ ರೊಕ್ಕಾ ಇಲ್ಲ್ರೀ!" ಅಂತ ಒದರಿದೆ. ಮಗ್ಗವಿಲ್ಲದ ಓಣಿ, ತಡೆಯುವವರು ಯಾರು? ಮಾತು ಈ ತುದಿಯಿಂದ ಆ ತುದಿಗೆ ಹೋಗಿ ಮುಟ್ಟಿತು. ನಲ್ಲಿಯ ಹತ್ತಿರ ಕೊಡ ಹಿಡಿದವರು ತಿರುಗಿದರು. ಎದುರು ಮನೆಯ ಮುದುಕಿ ಕಿಟಕಿ ತೆರೆದಳು, ಈ ಸಲ ಆರಾಮ ಅದೀನಿ ಅನ್ನಲಿಲ್ಲ. ನಾಚಿಕೆಯಿಂದ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಾಕಾ ನನ್ನ ಮುಖವನ್ನೇ ನೋಡಿದರು. ಆಮೇಲೆ ಅಷ್ಟೇ ಜೋರಾಗಿ, "ನನ್ನ ಕಡೀನೂ ಇಲ್ಲ್ರೀ ಅಕ್ಕಾರ! ಮಗ್ಗ ಇದ್ದಾಗ ನಿಮ್ಮ ಬಾಡಿಗಿ ನನ್ನ ಎಲಿ-ಅಡಕಿಗಿ ಇತ್ತು, ಈಗ ಅದs ನನ್ನ ರೊಟ್ಟಿ!" ಅಂದರು. ಅಂದವರೇ ಪಂಚೆಯ ಅಂಚಿನಿಂದ ಮೂಗು ಒರೆಸಿಕೊಂಡು, "ಚಾ ಕುಡೀರಿ" ಅಂದರು. ಬಾಡಿಗೆ ಇಳಿಸಿ ಅಂತ ಇನ್ನು ಯಾವ ಬಾಯಿಂದ ಕೇಳಲಿ? ಇಬ್ಬರೂ ಕೂತು ಕರಿ ಚಾ ಕುಡಿದೆವು.

ಕ್ಲಾಸು ಮುಚ್ಚುತ್ತೇನೆ ಅಂತ ಹೇಳಿಬಿಡೋಣವೆಂದು ಮೆಟ್ಟಿಲು ಹತ್ತಿದೆ. ಉಳಿದ ನಾಲ್ಕಾರು ಮಂದಿ ಮೇಲೆ ಬಂದು ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು, ಓಣಿಗೇ ಕೇಳಿದ್ದು ಅವರಿಗೆ ಕೇಳದಿರುತ್ತದೆಯೇ? ನಾನು ಬಾಯಿ ತೆರೆಯುವ ಮೊದಲೇ ಯಲ್ಲಪ್ಪ ಎದ್ದು ನಿಂತ. ಫ್ಯಾನು ನೋಡಲಿಲ್ಲ, ಚಪ್ಪಲಿ ನೋಡಲಿಲ್ಲ. ಗುಡ್ಡದಾಚೆಗೆ ಕೇಳುವಂತೆ, ಇಂಗ್ಲಿಷಿನಲ್ಲಿ, ತನ್ನ ಪಗಾರ ಎರಡು ತಿಂಗಳಿಂದ ಆಗಿಲ್ಲವೆಂದೂ, ಆದ್ದರಿಂದ ಫೀಸು ಕೊಡಲಾಗುವುದಿಲ್ಲವೆಂದೂ ಹೇಳಿದ. ಅವನು ಕೂರುತ್ತಲೇ ಸೆರಗು ಕಡಿಯುವ ಹುಡುಗಿ ಎದ್ದಳು. ಅಪ್ಪನ ಮಗ್ಗವೂ ನಿಂತಿದೆ, ಈ ಸಲ ಫೀಸು ಇಲ್ಲ ಅಂದಳು, ಅವಳದೂ ಇಂಗ್ಲಿಷಿನಲ್ಲೇ. ಆಮೇಲೆ ಅಂಗಡಿಯ ಹುಡುಗ, ಆಮೇಲೆ ನರ್ಸು. ಟೀಚರೇ ಓಣಿಯ ನಡುವೆ ನಿಂತು ಮಾನ ಕಳಕೊಂಡ ಮೇಲೆ ಇನ್ನು ತಮ್ಮದೇನು ಅನ್ನಿಸಿರಬೇಕು. ಮಗ್ಗವಿಲ್ಲ, ಮಿಕ್ಸರಿಲ್ಲ, ಕೋಣೆಯ ತುಂಬ ಇಂಗ್ಲಿಷ್. ಇಷ್ಟು ದಿನ ನಾನು ಗಂಟಲು ಹರಿದುಕೊಂಡು ಕಲಿಸಿದ್ದೆಲ್ಲ ಕಣ್ಣಮುಂದೆ ಫಲ ಬಿಟ್ಟು ನಿಂತಿತ್ತು.

ಮುಚ್ಚುತ್ತೇನೆ ಅನ್ನುವ ಮಾತು ನನ್ನ ಬಾಯಲ್ಲೇ ಉಳಿಯಿತು. ಒಬ್ಬೊಬ್ಬರಿಗೂ ತಲೆಯಾಡಿಸುತ್ತ, ಸಾಹೇಬಳ ಗತ್ತಿನಲ್ಲಿ "ವೆರಿ ಗುಡ್, ವೆರಿ ಗುಡ್" ಅಂದೆ. ನನ್ನೊಳಗಿನ ಸಿಪಾಯಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬೇರೆ ಏನನ್ನಲಿ? ತಿದ್ದೋಣವೆಂದರೆ ಯಾರ ಮಾತಿನಲ್ಲೂ ಒಂದೂ ತಪ್ಪಿರಲಿಲ್ಲ.