ಕುಂಕುಮ ಹಚ್ಚಿದ ಆಟಗಾರರು

ಆ ಭಾನುವಾರ ಬೆಳಗ್ಗೆ ನಾನು ಜೋಳ ಹಸನು ಮಾಡುತ್ತ ಕೂತಿದ್ದೆ. ನಿಜ ಹೇಳಬೇಕೆಂದರೆ, ಪೂಜೆಗೆ ಕೂತಾಗಿನದಕ್ಕಿಂತ ಮೊರ ಹಿಡಿದು ಕೂತಾಗಲೇ ನನಗೆ ದೇವರು ಹೆಚ್ಚು ಹತ್ತಿರ. ಪೂಜೆಗೆ ಕೂತರೆ ಒಲೆಯ ಮೇಲಿನ ಹಾಲು ನೆನಪಾಗುತ್ತದೆ, ನಲ್ಲಿ ನೀರು ಬಂತೇನೋ ಅನಿಸುತ್ತದೆ. ಮೊರದ ಮುಂದೆ ಕೂತರೆ ಹರಳು ಈ ಕಡೆ, ಕಾಳು ಆ ಕಡೆ, ಅಷ್ಟೇ. ಕೆಟ್ಟದ್ದನ್ನು ಆರಿಸಿ ತೆಗೆಯುವುದರಲ್ಲಿ ನನ್ನ ಕಣ್ಣು ಚುರುಕು ಎಂದು ನಮ್ಮ ಅತ್ತೆಯವರೂ ಒಪ್ಪಿಕೊಂಡಿದ್ದರು. ನನ್ನ ಬಗ್ಗೆ ಅವರು ಒಪ್ಪಿಕೊಂಡದ್ದು ಅದೊಂದೇ. ಅಂಥ ಕಣ್ಣಿನವಳಾದ ನಾನು ಅದೇ ದಿನ ಹನ್ನೊಂದು ಗಂಟೆಯೊಳಗೆ, ಅಮೆರಿಕದ ನೂರಾರು ಗಟ್ಟಿಮುಟ್ಟಾದ ಆಟಗಾರರನ್ನು ಬಿಟ್ಟು ಕಾಲು ಉಳುಕಿದವರನ್ನೇ ಹುಡುಕಿ ಹುಡುಕಿ ಆರಿಸಿದೆ. ಇದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ಫೋನು ಬಂದದ್ದು ಹತ್ತಕ್ಕೆ ಹತ್ತು ನಿಮಿಷ ಇದ್ದಾಗ. ನಮ್ಮ ಮನೆಯವರದು. ಅವರ ಕಡೆಯ ಹಿರಿಯರೊಬ್ಬರು ತೀರಿಕೊಂಡಿದ್ದರೆಂದು ಬೆಳಗಿನ ಬಸ್ಸಿಗೆ ನೇಸರಗಿ ಊರಿಗೆ ಮಣ್ಣು ಕೊಡಲು ಹೋಗಿದ್ದರು. ಹಿಂದೆ ಅಳುವ ಸದ್ದು, ಭಜನೆಯ ಸದ್ದು. ನಡುವೆ ಇವರ ಪಿಸುಮಾತು.

"ಶಾಂತಾ, ಸತ್ತವರ ಮಗಳು ಹುಬ್ಬಳ್ಳಿಯಿಂದ ಬರೂತನಾ ಮಣ್ಣ ಮಾಡಂಗಿಲ್ಲಂತ. ಹತ್ತಕ್ಕ ನಾ ಮನಿ ಮುಟ್ಟೂದಿಲ್ಲ. ಇಲ್ಲಿ ನೆಟ್ ಬರವಲ್ದು. ಟ್ಯಾಬ್ ತಗೊಂಡು ನೀನ ಆರಿಸಿಬಿಡು."

"ಆರಸಾಕತ್ತೇನಲ್ಲರೀ. ಇನ್ನ ಅರ್ಧ ಚೀಲ ಉಳದೈತಿ."

"ಜೋಳ ಅಲ್ಲ, ಮಂದೀನ ಆರಿಸು! ಇವತ್ತ ನಮ್ಮ ಡ್ರಾಫ್ಟ್ ಐತಿ!" ಎಂದು ಕೂಗಿಯೇಬಿಟ್ಟರು. ಭಜನೆ ಒಂದು ಕ್ಷಣ ನಿಂತಿತು. ಮತ್ತೆ ಪಿಸುಮಾತು: "ಎಲ್ಲಾರೂ ನನ್ನ ಕಡೆ ನೋಡಾಕತ್ತಾರ. ಇಡ್ತೇನಿ. ಚೀಟಿ ದೇವರ ಜಗಲಿ ಮ್ಯಾಲ ಐತಿ."

ನಮ್ಮ ಮನೆಯವರು ಬೈಲಹೊಂಗಲದ ಹೈಸ್ಕೂಲಿನಲ್ಲಿ ಆಟದ ಮಾಸ್ತರರಾಗಿದ್ದವರು. ಎರಡು ವರ್ಷದ ಹಿಂದೆ ನಿವೃತ್ತರಾದರು. ಮೂವತ್ತು ಚಿಲ್ಲರೆ ವರ್ಷ ಸೀಟಿ ಊದಿದ ಬಾಯಿ ಒಮ್ಮೆಲೇ ಸುಮ್ಮನಿರು ಎಂದರೆ ಇರುತ್ತದೆಯೇ? ಮೊದಲ ವಾರ ಅಂಗಳದಲ್ಲಿ ಕೂತರು. ಎರಡನೆಯ ವಾರ ಅಡುಗೆಮನೆಗೆ ಬಂದರು. ನನ್ನ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು. ಉದ್ದ ಡಬ್ಬಿಯಲ್ಲಿದ್ದ ರವೆ ಕೊನೆಗೆ ಹೋಯಿತು, ಗಿಡ್ಡ ಡಬ್ಬಿಯ ಸಾಸಿವೆ ಮುಂದೆ ಬಂತು. ನಾನು ಒಂದು ರೊಟ್ಟಿ ಬಡಿಯಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತೇನೆಂದು ಗಡಿಯಾರ ಹಿಡಿದು ನೋಡಿ, "ನಿನ್ನೆಕಿಂತ ನಾಕ ಸೆಕೆಂಡ್ ಲೇಟ್" ಎಂದರು. ತವೆಯ ಮೇಲಿನ ರೊಟ್ಟಿ ತಿರುವಿಹಾಕುವ ಹೊತ್ತಿಗೆ ಒಮ್ಮೆ ಸೀಟಿಯನ್ನೂ ಊದಿದರು. ಕೋಪ ಬರಲಿಲ್ಲವೆಂದಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ ಅವರು ತಾಟಿನ ಕಡೆಗೇ ನೋಡುತ್ತ, "ನಾಳೆ ಏನ ಕೆಲಸ ಐತಿ?" ಎಂದು ಕೇಳುತ್ತಿದ್ದ ಧ್ವನಿ ಇತ್ತಲ್ಲ, ಅದನ್ನು ಕೇಳಿದರೆ ಸೀಟಿಯೇ ಎಷ್ಟೋ ವಾಸಿ ಅನಿಸುತ್ತಿತ್ತು.

ದೇವರು ದೊಡ್ಡವನು. ಕಿತ್ತೂರಿನ ನದಾಫ್ ಮಾಸ್ತರರ ರೂಪದಲ್ಲಿ ಬಂದ. ಅವರೂ ಆಟದ ಮಾಸ್ತರರೇ, ಇವರ ಹಳೆಯ ಗೆಳೆಯರು, ನನ್ನನ್ನು ಅತ್ತಿಗೆಯೆಂದು ವೈನಿ ಎಂದೇ ಕರೆಯುವವರು. ಕಿತ್ತೂರು, ಸವದತ್ತಿ, ರಾಮದುರ್ಗ, ಬೈಲಹೊಂಗಲದ ಎಂಟು ಮಂದಿ ಮಾಸ್ತರರು ಸೇರಿ ಟ್ಯಾಬಿನಲ್ಲಿ ಆಡುವ ಒಂದು ಬಾಸ್ಕೆಟ್‌ಬಾಲ್ ಲೀಗ್ ಮಾಡಿಕೊಂಡಿದ್ದರು. ಆ ಎಂಟರಲ್ಲಿ ಒಬ್ಬರಾಗಿ ಇವರನ್ನೂ ಎಳೆದುಕೊಂಡರು. ಆಟ ಹೀಗೆ: ಅಮೆರಿಕದಲ್ಲಿ ನಿಜವಾಗಿ ಆಡುವ ಆಟಗಾರರನ್ನು ಈ ಎಂಟು ಮಂದಿ ಪಾಳಿಯ ಪ್ರಕಾರ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುತ್ತಾರೆ, ತಲೆಗೆ ಹದಿಮೂರು. ಆ ಆರಿಸುವ ದಿನವೇ ಡ್ರಾಫ್ಟ್. ಆಮೇಲೆ ಆ ಆಟಗಾರರು ಅಲ್ಲಿ ಚೆಂಡು ಹಾಕಿದರೆ ಇಲ್ಲಿ ಇವರಿಗೆ ಅಂಕ. ಅಲ್ಲಿಯ ರಾತ್ರಿ ನಮಗೆ ಬೆಳಗು, ಆದ್ದರಿಂದ ಇವರು ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಪಡಸಾಲೆಯಲ್ಲಿ ಟ್ಯಾಬ್ ಹಿಡಿದು ಕೂರುತ್ತಿದ್ದರು. ನನ್ನ ಡಬ್ಬಿಗಳು ಮತ್ತೆ ತಮ್ಮ ತಮ್ಮ ಜಾಗಕ್ಕೆ ಬಂದವು. "ನಾಳೆ ಏನ ಕೆಲಸ" ಎಂಬ ಮಾತು ನಿಂತಿತು. ಒಂದೇ ಅಂಜಿಕೆ: ವರ್ಷದ ಕೊನೆಗೆ ಎಂಟನೆಯವರಾಗಿ ಬಂದವರು ಮುಂದಿನ ವರ್ಷ ಲೀಗಿನಿಂದ ಹೊರಗೆ. ಹೋದ ಸಲ ಇವರು ಏಳನೆಯವರು. ಈ ಸಲ ಒಂದು ಮೆಟ್ಟಿಲು ಇಳಿದರೆ ಸೀಟಿ ಮತ್ತೆ ನನ್ನ ತವೆಯ ಮುಂದೆ.

ಹೀಗಾಗಿ ಮೊರ ಬದಿಗಿಟ್ಟು, ಕೈ ತೊಳೆದು, ಕೈಮುಗಿದು ಟ್ಯಾಬ್ ತೆಗೆದೆ. ಚೀಟಿಯಲ್ಲಿ ಇಪ್ಪತ್ತು ಹೆಸರಿದ್ದವು. ನಾನು ಪಿಯುಸಿ ಓದಿದವಳು, ಇಂಗ್ಲಿಷ್ ಹೆಸರು ಕೂಡಿಸಿಕೊಂಡು ಓದಬಲ್ಲೆ. ಆದರೆ ಒಂದು ಹೆಸರು ಕೂಡಿಸಿ ಓದುವಷ್ಟರಲ್ಲಿ ಸವದತ್ತಿಯವರು ಅದನ್ನು ಎತ್ತಿಕೊಂಡಿರುತ್ತಿದ್ದರು. ಒಂದೊಂದು ಪಾಳಿಗೆ ಒಂದೂವರೆ ನಿಮಿಷ. ಮೇಲೆ ಅಂಕಿಗಳು ಇಳಿಯುತ್ತ ಬರುತ್ತವೆ. ಹೇಗೋ ಏಳು ಹೆಸರು ಚೀಟಿಯಿಂದಲೇ ಸಿಕ್ಕವು. ಉಳಿದ ಹದಿಮೂರನ್ನೂ ಬೇರೆಯವರು ಒಯ್ದರು. ಇನ್ನು ಆರು ಮಂದಿಯನ್ನು ನಾನೇ ನೋಡಿ ತೆಗೆದುಕೊಳ್ಳಬೇಕು.

ಆಗ ಕಂಡದ್ದು ಆ ಕೆಂಪು. ಕೆಲವು ಹೆಸರುಗಳ ಪಕ್ಕದಲ್ಲಿ ಸಣ್ಣದೊಂದು ಕೆಂಪು ಗುರುತು. ನಾಲ್ಕು ದಿನದ ಹಿಂದಷ್ಟೇ ಖಂಡೇಪೂಜೆ ಆಗಿತ್ತು. ನಮ್ಮಲ್ಲಿ ಆ ದಿನ ಕುಡಗೋಲು, ಈಳಿಗೆ, ಮಿಕ್ಸರ್, ಇವರ ಸೀಟಿ, ಈ ಟ್ಯಾಬ್ ಎಲ್ಲಕ್ಕೂ ವಿಭೂತಿ, ಕುಂಕುಮ. ಹಚ್ಚಿದ್ದು ನಾನೇ. ಗಾಜಿನ ಮೇಲೆ ಉದುರಿ ಉಳಿದಿರಬೇಕೆಂದು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಬೆರಳಿನಿಂದ ಪಟ್ಟಿ ಮೇಲಕ್ಕೆ ಸರಿಸಿದರೆ ಹೆಸರಿನ ಜೊತೆ ಕುಂಕುಮವೂ ಮೇಲಕ್ಕೆ ಹೋಯಿತು. ಓಹೋ, ಇದು ಇವರೇ ಹಚ್ಚಿದ ಗುರುತು ಎಂದುಕೊಂಡೆ. ನಮ್ಮ ಮನೆಯಲ್ಲಿ ಕುಂಕುಮ ಹಚ್ಚಿದ್ದೆಂದರೆ ಇನ್ನು ಬಳಸಬಹುದು ಎಂದೇ ಅರ್ಥ. ಹೊಸ ಸಿಲಿಂಡರಿಗೆ ಹಚ್ಚದೆ ನಾನು ಒಲೆ ಹೊತ್ತಿಸುವುದಿಲ್ಲ. ಪಾಪ, ಅವಸರದಲ್ಲಿ ಚೀಟಿಗೆ ಬರೆಯುವುದು ಮರೆತು ಇಲ್ಲಿ ಹಚ್ಚಿಟ್ಟು ಹೋಗಿದ್ದಾರೆ ಎಂದು ಅವರ ಮೇಲೆ ಪ್ರೀತಿಯೂ ಬಂತು. ಕುಂಕುಮದವರನ್ನೇ ನಾಲ್ಕು ಮಂದಿಯನ್ನು ತೆಗೆದುಕೊಂಡೆ. ಅಷ್ಟು ಒಳ್ಳೆಯವರು ಅಷ್ಟು ಹೊತ್ತಿನವರೆಗೆ ಉಳಿದದ್ದು ದೇವರ ದಯೆ ಎಂದುಕೊಂಡೆ. ಉಳಿದಿಬ್ಬರನ್ನು ಮಾತ್ರ ನನ್ನ ಬುದ್ಧಿಯಿಂದ ಆರಿಸಿದೆ: ಹಿಂದಿನ ವರ್ಷ ಒಂದು ಪಂದ್ಯವನ್ನೂ ತಪ್ಪಿಸದ ಇಬ್ಬರು.

ಮಧ್ಯಾಹ್ನ ಇವರು ಬಂದರು. ಮಣ್ಣಿಗೆ ಹೋಗಿಬಂದವರು, ಸೀದಾ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು, ತೊಟ್ಟಿಕ್ಕುವ ತಲೆಯಲ್ಲೇ ಟ್ಯಾಬ್ ನೋಡಿದರು.

"ಈ ನಾಕ ಮಂದೀನ ಯಾಕ ತಗೊಂಡಿ?"

"ನೀವ ಕುಂಕಮ ಹಚ್ಚಿ ಇಟ್ಟಿದ್ರಲ್ಲ."

ಇವರು ನಿಧಾನಕ್ಕೆ ಕುರ್ಚಿಯ ಮೇಲೆ ಕೂತರು. "ಅದು ಕುಂಕಮ ಅಲ್ಲ ಶಾಂತಾ. ಪೆಟ್ಟ ಬಿದ್ದೈತಿ, ಆಡಾಂಗಿಲ್ಲ ಅಂತ ಗುರ್ತು."

"ಪೆಟ್ಟ ಬಿದ್ದವರ್ನ ಪಟ್ಟಿಯಾಗ ಯಾಕ ಇಡಬೇಕ ಅವ್ರು?" ಎಂದೆ. ತಪ್ಪು ಮಾಡಿದಾಗ ಎದುರು ಪ್ರಶ್ನೆ ಕೇಳುವುದು ನನ್ನ ಹಳೆಯ ಚಾಳಿ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ಒಮ್ಮೆ ನೋಡಿ ಬಂದರು.

ಅಷ್ಟರಲ್ಲಿ ನದಾಫ್ ಮಾಸ್ತರರ ಫೋನು. ಸೀಟಿ ಊದುವ ಅಭ್ಯಾಸದವರು, ಸ್ಪೀಕರಿಗೆ ಹಾಕದಿದ್ದರೂ ಓಣಿಗೆಲ್ಲ ಕೇಳುತ್ತದೆ. "ಏನ ಮಾಸ್ತರ, ಟೀಮ್ ಕಟ್ಟೀರೋ, ದವಾಖಾನಿ ತಗದೀರೋ? ನಾಕ ಕಾಟ್ ಬುಕ್ ಆಗ್ಯಾವಲ್ಲ!" ಸಂಜೆಯೊಳಗೆ ಎಂಟೂ ಮಂದಿಗೆ ನಮ್ಮ ತಂಡದ ಹೆಸರು 'ಬೈಲಹೊಂಗಲ ದವಾಖಾನಿ' ಎಂದೇ ಆಯಿತು.

ಮರುದಿನ ಇವರು ತಂಡದ ಹದಿಮೂರು ಹೆಸರು ಬರೆದುಕೊಂಡು ಕೂತಾಗ ನಾನೂ ಪಕ್ಕದಲ್ಲಿ ಕೂತೆ. ಪ್ರಾಯಶ್ಚಿತ್ತ ಎಂದುಕೊಳ್ಳಿ. ಯಾರು ಏನು ಮಾಡುತ್ತಾರೆಂದು ಒಬ್ಬೊಬ್ಬರನ್ನಾಗಿ ಹೇಳಿಸಿಕೊಂಡೆ. ಹೇಳುತ್ತ ಹೋದಂತೆ, ಅರೆ, ಇದು ನನಗೆ ಗೊತ್ತಿದ್ದ ಕೆಲಸವೇ ಅನಿಸಿತು. ಶ್ರಾವಣದಲ್ಲಿ ಮಠದ ದಾಸೋಹಕ್ಕೆ ನಮ್ಮ ಓಣಿಯ ಹೆಂಗಸರು ರೊಟ್ಟಿ ಮಾಡಲು ಕೂಡುತ್ತೇವೆ. ಆ ಪಟ್ಟಿ ಮಾಡುವವಳು ನಾನೇ. ಎಲ್ಲರಿಗೂ ಬಡಿಯುವ ಆಸೆ, ಯಾಕೆಂದರೆ ನೋಡುವವರು ನೋಡುವುದು ಬಡಿಯುವವರನ್ನು. ಆದರೆ ಹಿಟ್ಟು ನಾದುವವರಿಲ್ಲದಿದ್ದರೆ, ಬೇಯಿಸುವವರಿಲ್ಲದಿದ್ದರೆ, ಬಡಿಯುವವಳು ಬರೀ ಕೈ ಬಡಿಯಬೇಕು. ಇನ್ನು ಒಬ್ಬಳಿಗೆ ಸೊಂಟ ಹಿಡಿದರೆ ಅವಳ ಜಾಗಕ್ಕೆ ಕೂರಲು ಕಟ್ಟೆಯ ಮೇಲೆ ಇಬ್ಬರು ಕಾಯುತ್ತಿರಬೇಕು.

"ನಿಮ್ಮ ಚೀಟಿಯವರು ಏಳೂ ಮಂದಿ ಬಡಿಯೋರ ಅದಾರ," ಎಂದೆ. "ಚೆಂಡ ಹಾಕೋರು. ಬಿದ್ದ ಚೆಂಡ ಹಿಡಿಯೋರು ಯಾರು? ಕೈಗೆ ತಂದ ಕೊಡೋರು ಯಾರು?"

ಇವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಹಾಗೆ ನೋಡಿದ್ದು ಎರಡನೆಯ ಸಲ. ಬಿದ್ದ ಚೆಂಡು ಹಿಡಿಯುವವರು ಆ ಪಟ್ಟಿಯಲ್ಲಿ ಇದ್ದದ್ದು ಪಂದ್ಯ ತಪ್ಪಿಸದ ನನ್ನ ಇಬ್ಬರು; ತಂದುಕೊಡುವವರು ಕುಂಕುಮದ ನಾಲ್ವರಲ್ಲಿ ಇಬ್ಬರು. ಗಾಯಗೊಂಡವರಿಗೆಂದೇ ಎರಡು ಬೇರೆ ಜಾಗ ಇರುತ್ತವಂತೆ, ಇಬ್ಬರನ್ನು ಅಲ್ಲಿ ಮಲಗಿಸಿದೆವು. ಉಳಿದಿಬ್ಬರನ್ನು ತೆಗೆದುಹಾಕಿ ಬೇರೆಯವರನ್ನು ತರೋಣವೆಂದು ಇವರು. "ಮೈಯಾಗ ಆರಾಮಿಲ್ಲದವರ್ನ ಹೊರಗ ಹಾಕೂದು ಬ್ಯಾಡ್ರಿ, ಕಟ್ಟಿ ಮ್ಯಾಲ ಕುಂಡ್ರಲಿ" ಎಂದು ನಾನು. ಇದು ಆಟದ ಬುದ್ಧಿಯಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಆರಿಸಿ ತಂದವಳು ನಾನಲ್ಲವೇ?

ಅಂದಿನಿಂದ ದೀಪ ಹಚ್ಚುವಾಗ ಆ ನಾಲ್ವರನ್ನೂ ನೆನೆಯತೊಡಗಿದೆ. ಹೆಸರು ನಾಲಿಗೆಗೆ ಹೊರಳುತ್ತಿರಲಿಲ್ಲ. ಮೊಣಕಾಲಿನವ, ಹಿಮ್ಮಡಿಯವ, ಮಣಿಕಟ್ಟಿನವ, ಬೆನ್ನಿನವ ಎಂದು ಹೇಳಿದರೆ ದೇವರಿಗೆ ತಿಳಿಯುತ್ತದೆ. ದೀಪಾವಳಿ ದಾಟಿತು, ಕಾರ್ತಿಕ ಮುಗಿಯಿತು, ನಾವು ಎಂಟನೆಯ ಜಾಗದಲ್ಲೇ ಕೂತಿದ್ದೆವು. ಒಂದು ದಿನ ನೋಡಿದರೆ ಅಡುಗೆಮನೆಯ ಮೊಳೆಗೆ ಸೀಟಿ ತೂಗುತ್ತಿತ್ತು.

ಎಳ್ಳಮಾವಾಸ್ಯೆಯ ಮರುದಿನ ಮಣಿಕಟ್ಟಿನವ ಎದ್ದ. ಇವರು ಪಡಸಾಲೆಯಿಂದ "ಶಾಂತಾ, ಕುಂಕಮ ಅಳಿಸಿತು!" ಎಂದು ಕೂಗಿದರು. ಪಕ್ಕದ ಮನೆಯವರು ಗಾಬರಿಯಾಗಿ ಓಡಿಬಂದರು. ಮುತ್ತೈದೆಯ ಮನೆಯಲ್ಲಿ ಅಂಥ ಮಾತು ಕೂಗಬಾರದೆಂದು ಇವರಿಗೆ ಆಮೇಲೆ ತಿಳಿಸಿ ಹೇಳಬೇಕಾಯಿತು. ಸಂಕ್ರಾಂತಿ ಕಳೆದ ಮೇಲೆ ಮೊಣಕಾಲಿನವ, ಅವನ ಹಿಂದೆಯೇ ಹಿಮ್ಮಡಿಯವ. ಬೆನ್ನಿನವ ಏಳಲೇ ಇಲ್ಲ. ಬೆನ್ನುನೋವು ಏನೆಂದು ನನಗೆ ಗೊತ್ತು, ಅವನನ್ನು ಒತ್ತಾಯಿಸಲಿಲ್ಲ. ಅಷ್ಟರಲ್ಲಿ ಬೇರೆಯವರ ಆಟಗಾರರು ದಣಿದಿದ್ದರು. ಎಲ್ಲಕ್ಕಿಂತ ಕೆಟ್ಟ ಗತಿ ನದಾಫ್ ಮಾಸ್ತರರದು. ಮೊದಲ ಐದು ಮಂದಿ ಹುಲಿಗಳು, ಕಟ್ಟೆಯ ಮೇಲೆ ಕೂರಲು ಯಾರೂ ಇಲ್ಲ. ಹುಲಿಗಳಿಗೆ ಒಂದೊಂದಾಗಿ ಕೆಂಪು ಬಿತ್ತು.

"ವೈನಿ," ಎಂದು ಫೋನು ಮಾಡಿದರು, "ಆ ನಿಮ್ಮ ಕುಂಕಮದ ಭರಣಿ ಜರಾ ಮುಚ್ಚಿಡ್ರಿ. ನಮ್ಮ ಮಂದಿಗೆಲ್ಲಾ ಹಚ್ಚಾಕತ್ತೀರಿ."

ಕೊನೆಯ ವಾರ ಮುಗಿದಾಗ ನಾವು ಏಳನೆಯವರು. ನದಾಫ್ ಮಾಸ್ತರರು ಎಂಟನೆಯವರು. ಎರಡೇ ಅಂಕದ ಅಂತರ. ಹುಗ್ಗಿ ಮಾಡಿದೆ. ಇವರು ಒಂದು ಚಮಚ ತಿಂದು ತಾಟು ಸರಿಸಿದರು. ಯಾಕೆಂದು ಕೇಳಿದರೆ, "ಮೇ ತಿಂಗಳಿಗೆ ನದಾಫನೂ ರಿಟೈರ್ ಆಗ್ತಾನ" ಎಂದರು. ಕಿತ್ತೂರಿನ ಅಡುಗೆಮನೆಯೊಂದರಲ್ಲಿ ಡಬ್ಬಿಗಳು ಎತ್ತರದ ಪ್ರಕಾರ ನಿಂತದ್ದು ಕಣ್ಣಿಗೆ ಕಟ್ಟಿತು. ಅದಕ್ಕಿಂತ ಹೆಚ್ಚಾಗಿ, ತಾಟಿನ ಕಡೆಗೆ ನೋಡುತ್ತ "ನಾಳೆ ಏನ ಕೆಲಸ" ಎಂದು ಕೇಳುವ ಇನ್ನೊಂದು ಧ್ವನಿ ಕಿವಿಗೆ ಬಂತು.

"ಬೆನ್ನಿನವನ್ನ ವರ್ಷಪೂರ್ತಿ ಕುಂಡ್ರಿಸಿಕೊಂಡ್ವಿ. ನದಾಫ್ ಮಾಸ್ತರರ್ನ ಹೊರಗ ಹಾಕ್ತೀರೇನು?" ಎಂದೆ.

ಇವರು ಆಗಲೇ ಎಲ್ಲರಿಗೂ ಫೋನು ಮಾಡಿ, ಎಂಟನೆಯವರನ್ನು ಹೊರಗೆ ಹಾಕುವ ನಿಯಮ ತೆಗೆದುಬಿಡೋಣ ಎಂದರು. ಒಬ್ಬರೂ ಬೇಡವೆನ್ನಲಿಲ್ಲ, ಆ ನಿಯಮ ಮಾಡಿದ್ದು ಯಾರೆಂದು ಹುಡುಕಿದರೆ ಅದು ನದಾಫ್ ಮಾಸ್ತರರೇ. ರಾತ್ರಿಯೊಳಗೆ ನಿಯಮ ಹೋಯಿತು. "ವೈನಿ, ಬದಕಿಸಿದ್ರಿ," ಎಂದರು ಅವರು. "ಲೀಗಿನವರು ಹೊರಗ ಹಾಕಿದ್ರ ಮನಿಯಾಕಿನೂ ಹೊರಗ ಹಾಕತಿದ್ಲು."

ನಾನು ದೇವರಲ್ಲಿ ಬೇಡಿದ್ದು ಇವರು ಅಡುಗೆಮನೆಗೆ ಬರದೆ ಇರಲಿ ಎಂದಲ್ಲ, ಲೀಗಿನಲ್ಲಿ ಉಳಿಯಲಿ ಎಂದು. ದೇವರು ಬೇಡಿದಷ್ಟನ್ನೇ ಕೊಡುತ್ತಾನೆ. ಇವರು ಲೀಗಿನಲ್ಲಿ ಉಳಿದರು. ಈಗ ದಿನಾ ಬೆಳಗ್ಗೆ ಟ್ಯಾಬ್ ಹಿಡಿದು ಅಡುಗೆಮನೆಗೇ ಬಂದು, "ಶಾಂತಾ, ಮುಂದಿನ ವರ್ಷಕ್ಕ ನಾದೋರು ಯಾರ ಬೇಕು ಹೇಳು" ಎನ್ನುತ್ತಾರೆ. ರೊಟ್ಟಿಗೆ ನಾಲ್ಕಲ್ಲ, ನಲವತ್ತು ಸೆಕೆಂಡು ತಡವಾಗುತ್ತದೆ. ಯಾರೂ ಎಣಿಸುವುದಿಲ್ಲ.

ನಿನ್ನೆ ಹೀಗೆಯೇ ಮಾತಿನ ನಡುವೆ ಗ್ಯಾಸು ಮುಗಿಯಿತು. ಇವರೇ ಹೊಸ ಸಿಲಿಂಡರ್ ಉರುಳಿಸಿಕೊಂಡು ತಂದು ಜೋಡಿಸಿದರು. ನಾನು ಭರಣಿ ತೆಗೆದು, ಬೆರಳಿಗೆ ಕುಂಕುಮ ತೆಗೆದುಕೊಂಡು ಬಗ್ಗಿದೆ.

"ಯಾಕ," ಎಂದರು ಇವರು, "ಅದರ ಮೊಣಕಾಲೂ ನೋಯಾಕತ್ತೈತೇನು?"

ಬೆರಳು ಅಲ್ಲೇ ನಿಂತಿತು. ದೇವರಾಣೆ, ಒಂದು ಕ್ಷಣ ನನಗೇ ಅನುಮಾನ ಬಂತು. ಆಮೇಲೆ ಹಚ್ಚಿದೆ, ಯಾವುದಕ್ಕೂ ಇರಲಿ ಎಂದು, ಬೇಗ ಗುಣವಾಗಲಿ ಅಂತಲೂ ಬೇಡಿಕೊಂಡೆ, ಒಲೆ ಹೊತ್ತಿಸಿ ತವೆ ಇಟ್ಟೆ.