ಎತ್ತರದ ಬಾಟಲಿಗೆ ಬೆಟ್ಟದ ಚೀಟಿ

"ನನ್ನನ್ನ ನಾನು ಗುರುತು ಹಿಡಿಯಲಾರೆನೇನೇ? ಒಂದು ಗುಟುಕು ಬಾಯಿಗೆ ಬೀಳಲಿ, ಇದು ನಾನು, ಇದು ನಾನಲ್ಲ ಅಂತ ಥಟ್ಟನೆ ಹೇಳ್ತೀನಿ ನೋಡ್ತಿರು" ಎಂದು ದೊಡ್ಡಕ್ಕ ತಂಗಿಯ ಮುಂದೆ ಪಣ ತೊಟ್ಟಳು. ಹುಟ್ಟಿದಾಗಿನಿಂದ ವೈನಿನ ಒಂದು ಹನಿಯನ್ನೂ ನಾಲಿಗೆಗೆ ತಾಗಿಸದವಳ ಪ್ರತಿಜ್ಞೆ ಇದು.

ತಂಗಿ ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುವವಳು. ಅವಳ ಮಾತೂ ಹಾಗೆಯೇ. ಸಣ್ಣದು, ಆದರೆ ಚುಚ್ಚುತ್ತದೆ.

"ಅದಕ್ಕೆ ಬಾಟಲಿ ಯಾಕೆ ತೆಗೀಬೇಕು ಅಕ್ಕಾ? ಕನ್ನಡಿ ಸಾಕಲ್ಲ" ಎಂದಳು.

ಬಾಟಲಿಯೇ ಬೇಕಾಗಿತ್ತು. ಯಾಕೆಂದರೆ ದೊಡ್ಡಕ್ಕನ ಗಂಡ ತೀರಿಹೋಗುವಾಗ ಅವಳ ವಿಷಯವನ್ನು ಒಂದು ಬಾಟಲಿಯೊಳಗೆ ಬಿಟ್ಟು ಹೋಗಿದ್ದರು.

ಆತ ವೈನು ವ್ಯಾಪಾರದ ಗೋದಾಮಿನಲ್ಲಿ ರುಚಿ ನೋಡುವ ಕೆಲಸದಲ್ಲಿದ್ದವರು. ಬೀದಿಯವರೆಲ್ಲ ರುಚಿಗಾರ ಎಂದೇ ಕರೆಯುತ್ತಿದ್ದರು. ಯಾವ ಸೀಮೆಯ ದ್ರಾಕ್ಷಿ, ಮಣ್ಣು ಎಂಥದ್ದು, ಆ ವರ್ಷ ಬಿಸಿಲು ಹೆಚ್ಚೋ ಮಳೆ ಹೆಚ್ಚೋ, ಎಲ್ಲವನ್ನೂ ಒಂದು ಗುಟುಕಿನಲ್ಲಿ ಹೇಳುತ್ತಿದ್ದರು. ಮನೆಗೆ ಬಂದರೆ ಮಾತ್ರ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂದು ಬಾಯಿ ಬಿಟ್ಟವರಲ್ಲ. ಹಾಕಿದ್ದನ್ನು ಉಂಡು ಎದ್ದು ಹೋಗುವರು. "ಊರಿಗೆಲ್ಲ ರುಚಿ ಹೇಳೋ ನಾಲಿಗೆ, ಮನೆಗೆ ಬಂದರೆ ಸತ್ತು ಹೋಗುತ್ತೆ" ಎಂದು ದೊಡ್ಡಕ್ಕ ಎಷ್ಟು ಸಲ ರೇಗಿದ್ದಳೋ. ರೇಗಿದ ಮೇಲೆ ಇನ್ನೊಂದು ಸೌಟು ತಂದು ಬಡಿಸುತ್ತಿದ್ದಳು. ಅದು ಅವಳ ರೀತಿ.

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅವರು ಮೂರು ಬಾಟಲಿ ಮಲಗಿಸಿಟ್ಟಿದ್ದರು. ಒಂದು ಕಡಲ ತೀರದ ಸೀಮೆಯದು, ಒಂದು ಹೊಳೆ ದಂಡೆಯದು, ಇನ್ನೊಂದು ಬೆಟ್ಟದ ಸೀಮೆಯದು. "ಕೆಲಸ ಬಿಟ್ಟ ಮೇಲೆ ಇಬ್ಬರೂ ಕೂತು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಆ ಬೆಟ್ಟದ್ದಿದೆಯಲ್ಲ, ಅದು ನೀನೇ ಕಣೆ" ಎನ್ನುತ್ತಿದ್ದರು.

"ನಾನು ಹೇಗೆ ಬಾಟಲಿ ಆದೆ?"

"ಕುಡಿದರೆ ಗೊತ್ತಾಗುತ್ತೆ."

"ನನಗ್ಯಾಕೆ ಆ ಹುಳಿ ನೀರು" ಎಂದು ಇವಳು ಸೆರಗು ಕೊಡವಿ ಒಳಗೆ ಹೋಗುತ್ತಿದ್ದಳು. ಅವರು ನಗುತ್ತಿದ್ದರು. ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ಕೆಲಸ ಬಿಟ್ಟರು. ಬಿಟ್ಟದ್ದೇ ತಡ, ಕಾಯಿಲೆ ಹಿಡಿಯಿತು. ಆಸ್ಪತ್ರೆಯ ಮಂಚದ ಮೇಲೂ ಒಮ್ಮೆ, "ಆ ಬೆಟ್ಟದ್ದು ತರ್ತೀಯಾ?" ಎಂದು ಕೇಳಿದ್ದರು. "ಮೊದಲು ಈ ಔಷಧಿ ಕುಡೀರಿ, ಆಮೇಲೆ ಬೆಟ್ಟ ಹತ್ತೋದು" ಎಂದು ಇವಳು ಗದರಿದ್ದಳು. ಔಷಧಿ ಕುಡಿದರು. ಆಮೇಲೆ ಎಂಬುದು ಬರಲಿಲ್ಲ.

ಈಗ ದೊಡ್ಡಕ್ಕನಿಗೆ ಬೇರೆ ಏನೂ ಬೇಡ. ಅಷ್ಟು ವರ್ಷ ಒಂದೇ ಚಾವಣಿಯ ಕೆಳಗೆ ಇದ್ದ ಮನುಷ್ಯ ತನ್ನನ್ನು ಏನೆಂದು ತಿಳಿದಿದ್ದ? ಸಿಹಿಯೋ, ಒಗರೋ? ಅದೊಂದು ತಿಳಿದರೆ ಸಾಕಾಗಿತ್ತು. ಬಾಟಲಿ ತೆಗೆದು ಕುಡಿದರೆ ಮುಗಿಯಿತಲ್ಲ ಎನ್ನುವಿರಿ. ಮುಗಿಯುತ್ತಿತ್ತು, ನಡುವೆ ದೊಡ್ಡಕ್ಕನ ಶುಚಿತ್ವ ಅಡ್ಡ ಬರದೇ ಇದ್ದಿದ್ದರೆ.

ಮಾತಾಡಿಸಲು ಬಂದವರೆಲ್ಲ ಹೊರಟುಹೋದ ಮೇಲೆ ಮನೆ ಬಿಕೋ ಎಂದಿತು. ಸುಮ್ಮನೆ ಕೂತರೆ ಅವರ ಕುರ್ಚಿ ಕಾಣುತ್ತದೆ, ಕುರ್ಚಿ ಕಂಡರೆ ಎದೆ ಹಿಂಡುತ್ತದೆ. ಅದಕ್ಕೆ ಅವಳು ತೊಳೆಯಲು ನಿಂತಳು. ಪರದೆ ತೊಳೆದಳು, ಕಿಟಕಿ ತೊಳೆದಳು, ತೊಳೆದಿದ್ದ ಪಾತ್ರೆಗಳನ್ನೇ ಇಳಿಸಿ ಇನ್ನೊಮ್ಮೆ ತೊಳೆದಳು. ಕೊನೆಗೆ ಕಣ್ಣು ಮೆಟ್ಟಿಲ ಕೆಳಗಿನ ಗೂಡಿಗೆ ಹೋಯಿತು. ಬಾಟಲಿಗಳ ಮೇಲೆ ಬೆರಳು ದಪ್ಪ ಧೂಳು. ಇದ್ದಾಗ ಅವರು ಮುಟ್ಟಗೊಡುತ್ತಿರಲಿಲ್ಲ. ಪಾಪ, ಅವರ ವಸ್ತು ಹೀಗೆ ಧೂಳು ಹಿಡಿದು ಬಿದ್ದಿರಬೇಕೇ ಎಂದು ಕಣ್ಣಲ್ಲಿ ನೀರು ತಂದುಕೊಂಡು, ಮೂರನ್ನೂ ಬಿಸಿ ಸೋಪು ನೀರಿನ ಬಕೆಟ್ಟಿಗೆ ಇಳಿಸಿದಳು.

ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಮೂರು ಲೇಬಲ್ಲುಗಳೂ ಬಕೆಟ್ಟಿನಲ್ಲಿ ದೋಣಿಯಂತೆ ತೇಲುತ್ತಿದ್ದವು. ಬಾಟಲಿಗಳು ಬತ್ತಲೆ ನಿಂತಿದ್ದವು. ಮೂರರ ಗಾಜೂ ಕಪ್ಪು, ಒಳಗಿನದೂ ಕಪ್ಪು.

ದೊಡ್ಡಕ್ಕ ಎದೆಗುಂದುವವಳಲ್ಲ. ಚೀಟಿಗಳನ್ನು ಕಿಟಕಿಯ ಮೇಲೆ ಒಣಗಿಸಿದಳು, ಮೈದಾ ಅಂಟು ಕಾಯಿಸಿದಳು, ಕೂತು ಯೋಚಿಸಿದಳು. ಬೆಟ್ಟ ಎತ್ತರ, ಆದ್ದರಿಂದ ಎತ್ತರದ ಬಾಟಲಿಗೆ ಬೆಟ್ಟದ ಚೀಟಿ. ಕಡಲು ಅಗಲ, ಹೊಟ್ಟೆ ದಪ್ಪ ಇರುವುದಕ್ಕೆ ಕಡಲಿನ ಚೀಟಿ. ಉಳಿದ ಬಡಪಾಯಿ ಹೊಳೆಯ ಪಾಲು. ದೊಡ್ಡ ದೊಡ್ಡ ನ್ಯಾಯಾಲಯಗಳಲ್ಲೂ ಇಷ್ಟು ಚೊಕ್ಕವಾದ ತೀರ್ಪು ಆಗಿರಲಾರದು. ಆದರೆ ತೀರ್ಪು ಕೊಟ್ಟವಳಿಗೇ ನಂಬಿಕೆ ಸಾಲಲಿಲ್ಲ. ಆದ್ದರಿಂದಲೇ ಆ ಪಣ.

ಬಾಟಲಿ ತೆರೆಯಲು ಪೀಪಾಯಿಯನ್ನು ಕರೆಸಿದಳು. ಆತ ಗೋದಾಮಿನಲ್ಲಿ ರುಚಿಗಾರರ ಜೊತೆಗಾರ, ಪೀಪಾಯಿಗಳ ಉಸ್ತುವಾರಿ. ಮೈಕಟ್ಟೂ ಕೆಲಸಕ್ಕೆ ತಕ್ಕ ಹಾಗೆ ಇದ್ದುದರಿಂದ ಹೆಸರು ಅಂಟಿಕೊಂಡಿತ್ತು.

"ಚೀಟಿ ವಿಷಯ ಅವರ ಹತ್ತಿರ ಎತ್ತಬೇಡ. ರುಚಿಗಾರನ ಹೆಂಡತಿಗೆ ಇಷ್ಟೂ ತಿಳೀದೇ ಹೋಯ್ತಾ ಅಂತಾರೆ. ಅವರು ಕುಡಿದು ಯಾವುದು ಯಾವುದು ಅಂತ ಹೇಳಲಿ, ನಾವು ತಾಳೆ ನೋಡ್ಕೊಳ್ಳೋಣ" ಎಂದು ತಂಗಿಗೆ ಮೊದಲೇ ತಾಕೀತು ಮಾಡಿದ್ದಳು.

ಪೀಪಾಯಿ ಬಾಗಿಲಲ್ಲಿ ಕಾಣಿಸಿದ ಕೂಡಲೇ, "ಚಪ್ಪಲಿ ಅಲ್ಲೇ ಬಿಡಿ. ಈಗ ತಾನೇ ಒರೆಸಿದ್ದೀನಿ. ಎಲ್ಲಾದರೂ ಬರೋ ಹೊತ್ತಾ ಇದು?" ಎಂದಳು.

"ನೀವೇ ಈ ಹೊತ್ತಿಗೆ ಬಾ ಅಂದಿದ್ದು ಅತ್ತಿಗೆ."

"ಅಂದ್ರೆ ಬಂದುಬಿಡೋದೇ?" ಎಂದು ಗೊಣಗುತ್ತ ಹೋದವಳು ಮನೆಯಲ್ಲಿದ್ದ ಒಂದೇ ಮೆತ್ತೆಯ ಕುರ್ಚಿಯನ್ನು ಎಳೆದು ತಂದು ಆತನಿಗೆ ಹಾಕಿದಳು. ಅದು ಗಂಡನ ಕುರ್ಚಿ. ಪೀಪಾಯಿ ಅದರ ತುದಿಯಲ್ಲಿ, ಕೂತೂ ಕೂರದ ಹಾಗೆ ಕೂತ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ್ದಾಯಿತು. ಆತ ಮೂರರ ಬಿರಡೆಗಳನ್ನೂ ಎಳೆದು, ಒಂದೊಂದನ್ನು ಅದರದರ ಬಾಟಲಿಯ ಮುಂದಿಟ್ಟ. ಆಮೇಲೆ ಒಂದು ಸ್ಟೀಲು ಬೋಗುಣಿ ಕೇಳಿದ.

"ಅದು ಯಾಕೆ?"

"ಉಗಿಯೋಕೆ. ನೋಡಬೇಕು, ಮೂಸಬೇಕು, ಬಾಯಲ್ಲಿ ಆಡಿಸಬೇಕು, ಉಗಿಯಬೇಕು. ನುಂಗಿದರೆ ಮುಂದಿನದರ ರುಚಿ ಕೆಡುತ್ತೆ. ನಮ್ಮ ಕೆಲಸದಲ್ಲಿ ಹಾಗೇ."

"ಅಂದ್ರೆ ನಮ್ಮೆಜಮಾನರು ಸಂಬಳ ತಗೊಂಡು ಉಗೀತಿದ್ದರಾ? ಇಲ್ಲಿ ಒಂದು ದಿನ ಅಂಗಳದಲ್ಲಿ ಉಗಿದಿದ್ದಕ್ಕೆ ನಾನು ಸಂಜೆವರೆಗೂ ಮಾತು ಬಿಟ್ಟಿದ್ದೆ."

"ಹೇಳ್ತಿದ್ದ" ಎಂದ ಪೀಪಾಯಿ.

ಮೊದಲು ಎತ್ತರದ ಬಾಟಲಿ. ಪೀಪಾಯಿ ಚೀಟಿ ಓದಿದ, ಲೋಟ ತಿರುಗಿಸಿದ, ಕಣ್ಣು ಮುಚ್ಚಿದ. "ಆಹಾ, ಬೆಟ್ಟ ಅಂದ್ರೆ ಬೆಟ್ಟ. ಕಲ್ಲಿನ ತಂಪು, ಬೆಳಗಿನ ಮಂಜು. ಬೇರೆ ಯಾವ ಸೀಮೆಗೂ ಇದು ಬರಲ್ಲ ಅತ್ತಿಗೆ."

ದೊಡ್ಡಕ್ಕ ತಂಗಿಯ ಕಡೆ ಗೆದ್ದ ನೋಟ ಬೀರಿ ಒಂದು ಗುಟುಕು ತೆಗೆದುಕೊಂಡಳು. ಮೆತ್ತಗಿತ್ತು. ಮಾಗಿದ ಹಣ್ಣಿನಂತೆ ನಾಲಿಗೆಯ ಮೇಲೆ ಹರಡಿತು. ಉಗಿಯಲು ಮನಸ್ಸು ಬರದಿದ್ದರೂ ಕಾಯಿದೆ ಮುರಿಯಬಾರದೆಂದು ಉಗಿದಳು. ಕಣ್ಣು ತುಂಬಿ ಬಂತು.

"ನನ್ನನ್ನ ಇಷ್ಟು ಮೆತ್ತಗೆ ಅಂದ್ಕೊಂಡಿದ್ದರಾ ಅವರು? ನಾನು ಒಂದು ದಿನವೂ ಹೀಗೆ ಇದ್ದ ನೆನಪಿಲ್ಲವಲ್ಲೇ."

"ನನಗೂ ನೆನಪಿಲ್ಲ ಅಕ್ಕಾ. ಆ ಚೀಟಿ..." ಎಂದು ತಂಗಿ ಬಾಯಿ ತೆರೆದಳು. ಮೇಜಿನ ಕೆಳಗೆ ಅವಳ ಕಾಲಿಗೆ ಏನೋ ಬಲವಾಗಿ ತಾಗಿತು. ಬಾಯಿ ಮುಚ್ಚಿತು.

ಎರಡನೆಯದು ದಪ್ಪ ಹೊಟ್ಟೆಯದು. ಪೀಪಾಯಿ ಚೀಟಿ ಓದಿಯೇ ತುಟಿ ಚಪ್ಪರಿಸಿದ. "ಉಪ್ಪು. ಗಾಳಿಯಲ್ಲಿ ಬಂದ ಉಪ್ಪು ದ್ರಾಕ್ಷಿ ಸಿಪ್ಪೆ ಮೇಲೆ ಕೂತಿರುತ್ತೆ. ಸಿಕ್ಕಿತಾ?" ದೊಡ್ಡಕ್ಕನಿಗೆ ಸಿಕ್ಕಿತು. ಹೇಳಿದ ಮೇಲೆ ಯಾರಿಗೆ ತಾನೇ ಸಿಗುವುದಿಲ್ಲ? "ಸಾರಿಗಿಂತ ಸ್ವಲ್ಪ ಕಮ್ಮಿ" ಎಂದಳು.

ಮೂರನೆಯದನ್ನು ಮೂಗಿನ ಹತ್ತಿರ ತಂದವಳೇ ಲೋಟ ದೂರ ಹಿಡಿದಳು. ಒದ್ದೆ ಗೋಣಿಚೀಲದ ವಾಸನೆ. ವರ್ಷಗಟ್ಟಲೆ ಬೀಗ ಹಾಕಿಟ್ಟ ಬೀರು ತೆರೆದ ಹಾಗೆ. ಬಾಯಿಗೆ ಹಾಕಿದರೆ ನಾಲಿಗೆಯನ್ನು ಹಿಡಿದು ಜಗ್ಗಿತು. ಒಗರು, ಕಹಿ, ಮೇಲೆ ಸಿಟ್ಟು ಬೇರೆ. ಉಗಿದಳು, ಬಾಯಿ ಮುಕ್ಕಳಿಸಿದಳು, ಇನ್ನೊಮ್ಮೆ ಉಗಿದಳು.

"ಥೂ, ಇದೇನು ಇದು? ಯಾರ ಮೇಲೋ ಹಗೆ ತೀರಿಸಿಕೊಳ್ಳೋ ಹಾಗಿದೆ. ಕೆಟ್ಟಿದೆ ಇದು."

ಪೀಪಾಯಿಯೂ ಬಾಯಿಗೆ ಹಾಕಿ ಅಷ್ಟೇ ಬೇಗ ಉಗಿದ. ಚೀಟಿ ನೋಡಿದ. "ಹೊಳೆ ದಂಡೆಯದು. ಬಾಳಿಕೆ ಬರೋ ಮಾಲಲ್ಲ ಅತ್ತಿಗೆ. ಕೆಟ್ಟಿರಬೇಕು."

"ಮತ್ತೆ ಇದನ್ನ ಯಾಕೆ ಇಟ್ಟುಕೊಂಡಿದ್ದರೋ ಇಷ್ಟು ವರ್ಷ. ಏನಾದರೂ ಎಸೆಯೋ ಅಭ್ಯಾಸ ಇದ್ದರೆ ತಾನೇ ಆ ಮನುಷ್ಯನಿಗೆ" ಎಂದು ದೊಡ್ಡಕ್ಕ ಎದ್ದೇಬಿಟ್ಟಳು. ಅಡುಗೆಮನೆಯ ತೊಟ್ಟಿಯಲ್ಲಿ ಗಳಗಳ ಸದ್ದಾಯಿತು. ಕೆಟ್ಟದ್ದು ಮನೆಯಲ್ಲಿ ಒಂದು ಗಳಿಗೆ ಹೆಚ್ಚು ಇರಕೂಡದು, ಅದು ಅವಳ ವ್ರತ. ಬಾಟಲಿಯನ್ನೂ ತೊಳೆದು, ಬೋರಲು ಹಾಕಿ, ಕೈ ಒರೆಸಿಕೊಳ್ಳುತ್ತ ಬಂದಳು. ಲೋಟಗಳಲ್ಲಿ ಉಳಿದದ್ದನ್ನೂ ಬೋಗುಣಿಗೆ ಸುರಿದು ಹೊರಗೆ ಚೆಲ್ಲಿಯಾಯಿತು. ಮುಖ ಗೆಲುವಾಗಿತ್ತು. ಮೆತ್ತಗಿನ ಹೆಂಗಸಿಗೆ ತಕ್ಕ ಹಾಗೆ ಮೆತ್ತಗೆ ಬಂದು ಕೂತಳು.

ಪೀಪಾಯಿ ಕನ್ನಡಕ ಒರೆಸುತ್ತಿದ್ದ. "ಅತ್ತಿಗೆ, ಒಂದು ಕೇಳ್ತೀನಿ. ಈ ಬೆಟ್ಟದ ಬಿರಡೆ ನಾನು ಇಟ್ಟುಕೊಳ್ಳಲಾ? ಅವನ ನೆನಪಿಗೆ."

"ತಗೊಳ್ಳಿ. ಅದನ್ನೇನು ಕೇಳೋದು."

ಎತ್ತರದ ಬಾಟಲಿಯ ಮುಂದಿದ್ದ ಬಿರಡೆಯನ್ನು ಆತ ಎತ್ತಿಕೊಂಡು ಕನ್ನಡಕ ಏರಿಸಿದ. ಬಿರಡೆಯ ಮೈಮೇಲೆ ಸುಟ್ಟು ಒತ್ತಿದ ಅಕ್ಷರಗಳಿದ್ದವು. ಓದಿದ. ಕನ್ನಡಕ ತೆಗೆದು, ಇನ್ನೊಮ್ಮೆ ಒರೆಸಿ, ಮತ್ತೆ ಓದಿದ.

"ಇದರಲ್ಲಿ ಕಡಲ ತೀರ ಅಂತಿದೆಯಲ್ಲ?"

ಆತ ದಪ್ಪ ಬಾಟಲಿಯ ಬಿರಡೆ ಎತ್ತಿದ. ಅದರಲ್ಲಿ ಹೊಳೆ ದಂಡೆ ಎಂದಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಉಪ್ಪು ಚಪ್ಪರಿಸಿದ ತುಟಿ ಈಗ ಒಣಗಿತು. ಮೂರನೆಯ ಬಿರಡೆಯ ಹಿಂದೆ ಬಾಟಲಿಯೇ ಇರಲಿಲ್ಲ. ಅದನ್ನು ಓದಬೇಕಾಗಿಯೂ ಇರಲಿಲ್ಲ.

"ಹೇಳು ಅಕ್ಕಾ. ಇಲ್ಲ ನಾನು ಹೇಳ್ತೀನಿ. ನನ್ನ ಕಾಲು ಇನ್ನೊಂದು ಏಟು ತಡೆಯುತ್ತೆ" ಎಂದಳು ತಂಗಿ.

ದೊಡ್ಡಕ್ಕ ತಲೆ ಎತ್ತದೆ ಹೇಳಿದಳು. ಧೂಳು, ಬಕೆಟ್ಟು, ದೋಣಿ, ಮೈದಾ, ಬೆಟ್ಟ ಎತ್ತರ, ಕಡಲು ಅಗಲ. ಪೀಪಾಯಿಗೆ ನಗಬೇಕೋ ತನ್ನ ಮಂಜು ಮತ್ತು ಉಪ್ಪನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ.

"ನೀವಾದರೂ ನಾಲಿಗೆ ಇದ್ದವರು. ಉಗಿಯೋ ಮುಂಚೆ ಗೊತ್ತಾಗಲಿಲ್ವಾ?" ಎಂದು ದೊಡ್ಡಕ್ಕ ಆತನ ಮೇಲೆ ಹರಿಹಾಯ್ದಳು.

"ನಾನು ಪೀಪಾಯಿ ಉರುಳಿಸೋನು ಅತ್ತಿಗೆ. ಚೀಟಿ ಓದ್ತೀನಿ. ನೀವು ಬೇರೆ ಕೆಟ್ಟಿದೆ ಅಂದ್ರಿ. ನಿಮ್ಮ ಮಾತಿಗೆ ಎದುರಾಡೋದುಂಟಾ?"

ಅವಳ ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ಬೆರಳಿನಿಂದ ಮೇಜುಬಟ್ಟೆಯ ಮೇಲಿದ್ದ ಕಲೆಯನ್ನು ಉಜ್ಜುತ್ತ ಸಣ್ಣಗೆ ಕೇಳಿದಳು.

"ಹೋಗಲಿ ಬಿಡಿ. ಕೆಟ್ಟಿದ್ದೇ ಒಳ್ಳೇದಾಯ್ತು. ಕೆಡದೇ ಇದ್ದಿದ್ದರೆ ಹೇಗಿರ್ತಿತ್ತು ಅದು? ಅವರು ಯಾವತ್ತಾದರೂ ಹೇಳಿದ್ದರಾ?"

ಪೀಪಾಯಿ ಬಿರಡೆಯನ್ನು ಕೈಯಲ್ಲಿ ತಿರುಗಿಸಿದ. ಸುಳ್ಳು ಹೇಳಿದರೆ ಒಳ್ಳೆಯದಿತ್ತೇನೋ. ಆದರೆ ಆತನಿಗೆ ಚೀಟಿ ಇಲ್ಲದೆ ಸುಳ್ಳೂ ಬಾರದು.

"ಕೆಟ್ಟಿರಲಿಲ್ಲ ಅತ್ತಿಗೆ. ಬೆಟ್ಟದ್ದು ಹಾಗೇ ಇರೋದು, ತೆಗೆದ ಕೂಡಲೇ. ಗೋದಾಮಿಗೆ ಆ ಮಾಲು ಬಂದ ದಿನ ಅವನು ಬೆಳಿಗ್ಗೇನೇ ಬಿರಡೆ ಕಿತ್ತು ಕಿಟಕಿ ಹತ್ತಿರ ಇಟ್ಟುಬಿಡೋನು. ನಾವು ಮೂಸಿ ಮುಖ ಕಿವುಚಿದರೆ, 'ಮುಟ್ಟಬೇಡ್ರೋ, ಮೊದಲು ಒಂದು ಸುತ್ತು ರೇಗಾಡುತ್ತೆ. ಸುಮ್ಮನೆ ಬಿಟ್ಟರೆ ತಾನಾಗೇ ಪಕ್ಕದಲ್ಲಿ ಬಂದು ಕೂರುತ್ತೆ. ಆಮೇಲೆ ಬೇರೆ ಯಾವುದೂ ಬೇಡ ಅನ್ಸುತ್ತೆ' ಅನ್ನೋನು. ಮಧ್ಯಾಹ್ನ ನಾವೆಲ್ಲ ಊಟಕ್ಕೆ ಎದ್ದ ಮೇಲೆ ಒಬ್ಬನೇ ಕುಡಿಯೋನು. ಅದೊಂದನ್ನ ಮಾತ್ರ ಉಗೀತಿರಲಿಲ್ಲ. ಯಾರು ಕಲಿಸಿದರೋ ನಿನಗೆ ಇದನ್ನ ಅಂತ ಕೇಳಿದರೆ, ಮನೇಲಿ ಕಲಿತೆ ಅನ್ನೋನು. ನಮಗೆ ಆಗ ಅರ್ಥ ಆಗ್ತಿರಲಿಲ್ಲ."

ಅಡುಗೆಮನೆಯಲ್ಲಿ ಬೋರಲು ಹಾಕಿದ್ದ ಬಾಟಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪೀಪಾಯಿ ಕುರ್ಚಿಯ ತುದಿಯಿಂದ ಇನ್ನಷ್ಟು ತುದಿಗೆ ಸರಿದ. ತಂಗಿಗೆ ಮಾತ್ರ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಳ್ಳುತ್ತಲೇ ಚುಚ್ಚಿದಳು.

"ಅಲ್ಲ ಅಕ್ಕಾ, ಭಾವ ಜೀವಮಾನವೆಲ್ಲ ಕಾದರು. ನೀನು ಕೈ ಒರೆಸಿಕೊಳ್ಳೋಷ್ಟು ಹೊತ್ತೂ ಕಾಯಲಿಲ್ವಲ್ಲ."

ದೊಡ್ಡಕ್ಕ ತೊಟ್ಟಿಯ ಕಡೆಗೆ ತಿರುಗಿ ನೋಡಿದಳು. ಅಳುತ್ತಾಳೆ ಎಂದುಕೊಂಡರು. ಅತ್ತಳು ಕೂಡ. ನಡುವೆ ಎಲ್ಲಿಂದಲೋ ನಗುವೂ ನುಗ್ಗಿ ಬಂತು.

"ಏನು ಮಾಡೋದು ಕಣೆ" ಎಂದಳು. "ನನ್ನ ಜೊತೆ ಅವರು ಹೇಗೋ ಏಗಿದರು. ನನಗೇ ಏಗೋಕಾಗಲಿಲ್ಲ."