ಗೂಡಿನ ದರಫಲಕ ತಾನಾಗಿ ಶುರುವಾಗದಂತೆ ನೋಡಿಕೊಳ್ಳುವ ಬಗ್ಗೆ

ಸಂಖ್ಯೆ: ಹಿ.ಸೇ./ಫಲಕ/ಕುರ್ಚಿ/07

ಸುತ್ತೋಲೆ

ವಿಷಯ: ಗುಡೇಮಾರನಹಳ್ಳಿ ರಸ್ತೆಯ ರೇಷ್ಮೆಗೂಡು ಹರಾಜು ಅಂಗಳದ ದರಫಲಕ ಹಾಗೂ ಶ್ರೀಮತಿ ತಾಹೇರಾ ಅವರ ರಜೆ.

ಉಲ್ಲೇಖ: 1. ಮಗಳು ಸಾನಾಳ ನಿಕಾಹ್‌ಗೆ ಚನ್ನಪಟ್ಟಣಕ್ಕೆ ಹೋಗಲು ಸದರಿಯವರು ಕೋರಿರುವ ಒಂದು ದಿನದ ರಜೆ.
2. ಅದನ್ನು ಓದಿದ ಮೇಲೆ ಕಚೇರಿಯಲ್ಲಿ ಉಂಟಾದ ಗಾಬರಿ.

ಅಂಗಳದ ಲಿನಕ್ಸ್ ಗಣಕದಲ್ಲಿ ದರ ತೋರಿಸುವ ಹಿನ್ನೆಲೆ ಸೇವೆಯನ್ನು ಆಪರೇಟರ್ ಶ್ರೀಮತಿ ತಾಹೇರಾ ಅವರ ಖಾತೆಯಲ್ಲಿ ಅಳವಡಿಸಲಾಗಿದೆ. ಅವರು ಲಾಗಿನ್ ಆದರೆ ಫಲಕ ಹೊತ್ತಿಕೊಳ್ಳುತ್ತದೆ, ಲಾಗ್‌ಔಟ್ ಆದರೆ ಆರುತ್ತದೆ. ಈ ಬಗ್ಗೆ ರೈತ ಚನ್ನಯ್ಯ ಅವರು, "ತಾಹೇರಕ್ಕ, ನೀವು ಊಟಕ್ಕೆದ್ರೆ ನನ್ ಗೂಡಿನ ರೇಟೂ ಎದ್ದೋಯ್ತದೆ, ಒಸಿ ತಡ್ಕಂಡು ಕೂತ್ಕಳಿ" ಎಂದು ಮೌಖಿಕ ಅಹವಾಲು ಸಲ್ಲಿಸಿರುತ್ತಾರೆ. ಆದ್ದರಿಂದ ಈ ಮುಂದಿನಂತೆ ಕಟ್ಟಪ್ಪಣೆ ಮಾಡಲಾಗಿದೆ:

1. ಹರಾಜು ಮುಗಿಯುವವರೆಗೆ ತಾಹೇರಾ ಅವರು ಲಾಗ್‌ಔಟ್ ಆಗತಕ್ಕದ್ದಲ್ಲ. ಊಟವನ್ನು ಕುರ್ಚಿಗೇ ತಲುಪಿಸಲಾಗುವುದು. ಸೀನು ಬಂದಲ್ಲಿ ಕೀಲಿಮಣೆಯಿಂದ ಮುಖ ತಿರುಗಿಸಿ ಸೀನತಕ್ಕದ್ದು.

2. ಕರೆಂಟ್ ಹೋಗಿ ಬಂದು ಗಣಕ ಮತ್ತೆ ಶುರುವಾದಲ್ಲಿ, ಅವರು ಕುದೂರು ಬಸ್ಸು ಹತ್ತಿದ್ದರೂ ಇಳಿಸಿ ಕರೆತಂದು ಲಾಗಿನ್ ಮಾಡಿಸತಕ್ಕದ್ದು. ಅಲ್ಲಿಯವರೆಗೆ ಬಸ್ಸು ನಿಂತಿರತಕ್ಕದ್ದು.

3. ಗುಪ್ತಪದವನ್ನು ಬೇರೆಯವರಿಗೆ ಹೇಳಿಕೊಟ್ಟು ಹೋಗುವೆನೆಂಬ ಅವರ ಸಲಹೆಯನ್ನು ತಿರಸ್ಕರಿಸಲಾಗಿದೆ. ಗುಪ್ತಪದ ಗುಪ್ತವಾಗಿಯೇ ಇರಬೇಕು. ಅದು ಗೂಡು ಕೊಂಡು ನೂಲು ತೆಗೆಯುವ ರೀಲರ್ ನಜೀರ್ ಅವರಿಗೂ ಟೀ ಅಂಗಡಿಯವರಿಗೂ ಈಗಾಗಲೇ ಗೊತ್ತಿರುವುದು ಬೇರೆ ವಿಚಾರ.

4. ಸದರಿ ಖಾತೆಗೆ ‘ಲಿಂಗರ್’ ಎಂಬ ಅನುಮತಿ ಕೊಟ್ಟರೆ, ಯಾರೂ ಲಾಗಿನ್ ಆಗದಿದ್ದರೂ, ಗಣಕ ಶುರುವಾದೊಡನೆ ಫಲಕ ತಾನಾಗಿ ಹೊತ್ತಿಕೊಳ್ಳುತ್ತದೆ ಎಂದು ಗಣಕ ಸರಬರಾಜುದಾರರು ಬರೆದಿರುತ್ತಾರೆ. ಕೂಲಂಕಷವಾಗಿ ಪರಿಶೀಲಿಸಲಾಗಿ, ಸಿಬ್ಬಂದಿ ಇಲ್ಲದೆಯೂ ಕೆಲಸ ನಡೆಯುತ್ತದೆಂದು ಸಾರ್ವಜನಿಕರಿಗೆ ತಿಳಿದರೆ ಮೇಲಿನ ಹುದ್ದೆಗಳ ಬಗ್ಗೆಯೂ ಪ್ರಶ್ನೆ ಏಳುವ ಅಪಾಯ ಕಂಡುಬಂದಿದೆ. ಅನುಮತಿ ನಿರಾಕರಿಸಲಾಗಿದೆ.

5. ನಿಕಾಹ್‌ಗೆ ಮದುಮಗಳ ತಾಯಿ ಹಾಜರಿರಲೇಬೇಕೆಂಬ ನಿಯಮ ಕಚೇರಿಯ ಯಾವ ಕಡತದಲ್ಲೂ ದೊರೆತಿಲ್ಲ, ರಜೆ ತಿರಸ್ಕೃತ. ನಿಕಾಹ್ ಅನ್ನು ಅಂಗಳದಲ್ಲೇ, ಕುರ್ಚಿಯ ಪಕ್ಕದಲ್ಲಿ, ಹರಾಜಿಗೆ ಅಡ್ಡಿಯಾಗದಂತೆ ನಡೆಸಲು ಅಭ್ಯಂತರವಿಲ್ಲ. ವರನ ಹೆಸರು ಕೈತಪ್ಪಿ ಫಲಕದಲ್ಲಿ ಮೂಡಿದಲ್ಲಿ ರೀಲರುಗಳು ಬಿಡ್ ಕೂಗತಕ್ಕದ್ದಲ್ಲ.

ಸಹಿ/-
ಅಧೀಕ್ಷಕರು
ಹಿನ್ನೆಲೆ ಸೇವೆಗಳ ಶಾಖೆ

(ಅಧೀಕ್ಷಕರು ಕಳೆದ ಸೋಮವಾರದಿಂದ ಸಾವನದುರ್ಗದ ಕಡೆ ಸಂಸಾರ ಸಮೇತ ಪ್ರವಾಸದಲ್ಲಿದ್ದಾರೆ. ಲಿಂಗರ್ ಅನುಮತಿ ಇರುವ ಅವರ ಖಾತೆಯಿಂದ ಈ ಸುತ್ತೋಲೆ ಸಹಿಯೊಂದಿಗೆ ತಾನಾಗಿ ಹೊರಟಿದೆ.)

ಪ್ರತಿಗಳು:
1. ರೀಲರ್ ನಜೀರ್ ಅವರಿಗೆ, ಗುಪ್ತಪದವನ್ನು ಮರೆಯುವ ಸಲುವಾಗಿ.
2. ರೈತ ಚನ್ನಯ್ಯ ಅವರಿಗೆ, ಸಮಾಧಾನಕ್ಕಾಗಿ.
3. ಶ್ರೀಮತಿ ತಾಹೇರಾ ಅವರಿಗೆ, ಮಾಹಿತಿಗಾಗಿ. ನಿಕಾಹ್ ಚನ್ನಪಟ್ಟಣದಲ್ಲೇ ನಡೆದ ಪಕ್ಷದಲ್ಲಿ ತಮ್ಮ ಬದಲಿಗೆ ಅಧೀಕ್ಷಕರು ಪ್ರವಾಸದ ನಡುವೆಯೇ ಬಂದು ಹಾಜರಿದ್ದು, ಊಟ ಮುಗಿಸಿ, ಮಗಳನ್ನು ಕಳಿಸಿಕೊಡುವರು.